ಅಲುಗದೆ ಕೂತವಳು ಕರೆದ ಊಟ

ಕಲ್ಲಕ್ಕನಿಗೆ ಆ ಹೆಸರು ಬಂದದ್ದು ಗುಣದಿಂದಲ್ಲ, ಕೆಲಸದಿಂದ. ಚಿತ್ರಶಾಲೆಯ ನಡುಮನೆಯಲ್ಲಿ ಮೊಣಕಾಲೆತ್ತರದ ಒಂದು ಹಲಗೆಕಟ್ಟೆ. ಅದರ ಮೇಲೆ ಮೂವತ್ತೊಂದು ವರ್ಷ ಅಲುಗದೆ ಕೂತವಳು ಅವಳು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಿದವಳಲ್ಲ. ಸುತ್ತ ಕೂತು ಬರೆಯುವವರಿಗೆ ಅವಳ ಕತ್ತಿನ ಎಲುಬು ಎಷ್ಟು ಓರೆ, ಎಡ ಮೊಣಕಾಲು ಬಲದ್ದಕ್ಕಿಂತ ಎಷ್ಟು ದಪ್ಪ, ಎಲ್ಲ ಕಂಠಪಾಠ. ‘ಊಟ ಆಯ್ತಾ’ ಎಂದು ಕೇಳಿದವರನ್ನು ಎಣಿಸಲು ಮಾತ್ರ ಒಂದು ಕೈಯ ಬೆರಳೂ ಹೆಚ್ಚು. ಒಂದು ಜೀವವನ್ನು ಅಷ್ಟು ಹೊತ್ತು ದಿಟ್ಟಿಸಿಯೂ ಅದರ ಹಸಿವು ಕಾಣದ ಕಣ್ಣಿಗೆ ಕಲಾವಿದನ ಕಣ್ಣು ಎಂದು ಹೆಸರಿಟ್ಟವರು ಯಾರೋ!

ಬರೆದದ್ದನ್ನು ತಿರುಗಿ ನೋಡಬಾರದು, ಕೇಳಬಾರದು. ಅದು ಕಟ್ಟೆಯ ಮೇಲೆ ಕೂರುವವರ ಶಿಸ್ತು. ಅವಳು ಕೇಳಲಿಲ್ಲ. ಕೆಲಸ ಬಿಡುವ ವರ್ಷ ಮಾತ್ರ ಕೇಳಲೇಬೇಕಾಯಿತು.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಏಳು ತಿಂಗಳ ಮಗಳನ್ನು ಕಟ್ಟೆಗೇ ಎತ್ತಿಕೊಂಡು ಬರುತ್ತಿದ್ದಳು. ತಾಯಿ ಕಲ್ಲು, ಮಗಳು ಪಾದರಸ. ಒಂದೂವರೆ ವರ್ಷ ತುಂಬುವ ಹೊತ್ತಿಗೆ ಜ್ವರ ಬಂತು, ಮೂರೇ ದಿನದಲ್ಲಿ ಕೂಸು ಹೋಯಿತು. ಫೋಟೊ ಇರಲಿಲ್ಲ, ‘ಮುಂದಿನ ತಿಂಗಳು ತೆಗೆಸೋಣ’ ಎಂಬ ಮಾತಷ್ಟೇ ಇತ್ತು. ಈಗೀಗ ಕಲ್ಲಕ್ಕನಿಗೆ ಒಂದೇ ದಿಗಿಲು. ಮಗಳ ಭಾರ ತೊಡೆಗೆ ನೆನಪಿದೆ, ಕೂಗು ಕಿವಿಗೆ ನೆನಪಿದೆ, ಮುಖ ಮಾತ್ರ ದಿನದಿನಕ್ಕೆ ಮಾಸುತ್ತಿದೆ.

“ಅವಳ ಮುಖಾನ ಯಾರಾದ್ರೂ ಒಬ್ರು ಬರೆದೇ ಇರ್ತಾರೆ ಕಣೆ,” ಎಂದಳು ತಂಗಿಯ ಹತ್ತಿರ.

“ಬರ್ದಿದ್ರೂ ಅವ್ರನ್ನ ಒಂದ್ಕಡೆ ಸೇರ್ಸೋರು ಯಾರಕ್ಕ? ಎಣ್ಣೆ ಸೀಗೆಕಾಯಿ ಆಗಿದಾರಲ್ಲ.”

ತಂಗಿ ಹೇಳಿದ್ದು ಸುಳ್ಳಲ್ಲ. ಹನ್ನೆರಡು ವರ್ಷದಿಂದ ಆ ಊರಿನ ಕಲಾವಿದರು ಎರಡು ಪಾಲು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ: ಒಂದು ಕಿಟಕಿಯ ಪರದೆ. ಬಣ್ಣದವರಿಗೆ ಅದು ತೆರೆದಿರಬೇಕು, ಇದ್ದಿಲಿನಲ್ಲಿ ಬರೆಯುವವರಿಗೆ ಮುಚ್ಚಿರಬೇಕು. ಕೊನೆಗೆ ಬೆಳಿಗ್ಗೆ ಬಣ್ಣದವರು, ಮಧ್ಯಾಹ್ನ ಇದ್ದಿಲಿನವರು ಎಂದಾಯಿತು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವುದೂ ಆಯಿತು. ಎರಡು ಹೊತ್ತೂ ಕೂರುವ ಮೊಣಕಾಲು ಮಾತ್ರ ಒಂದೇ. ಅದರ ನೋವಿಗೆ ಬಣ, ಪಂಗಡ ಇರಲಿಲ್ಲ.

ಕಲ್ಲಕ್ಕ ಒಬ್ಬೊಬ್ಬರ ಮನೆ ಬಾಗಿಲು ತಟ್ಟಿದಳು. ‘ಭಾನುವಾರ ಮಧ್ಯಾಹ್ನ ಚಿತ್ರಶಾಲೆಯಲ್ಲಿ ನನ್ನ ಕೈಯೂಟ. ನನ್ನ ಮಗಳಿರುವ ಹಳೆಯ ಹಾಳೆ ಇದ್ದರೆ ಹುಡುಕಿ ತನ್ನಿ’ ಎಂದಳು. ಬಣ್ಣದವರ ಹಿರಿಯರು ಬಣ್ಣದಮ್ಮ, ಇದ್ದಿಲಿನವರ ಹಿರಿಯರು ಗಡ್ಡದ ಮೇಷ್ಟ್ರು. ಮೇಷ್ಟ್ರು ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದರು.

“ಅವ್ರೂ ಬರ್ತಾರಾ?”

“ಬರ್ತಾರೆ. ನೀವು ಬಣ್ಣದಮ್ಮನ ಪಕ್ಕದಲ್ಲೇ ಕೂರ್ತೀರಿ.”

“ಇದೇನಮ್ಮ ಶಿಕ್ಷೆ!”

“ಮೂವತ್ತೊಂದು ವರ್ಷ ನೀವು ಹೇಳ್ದಂಗೆ ನಾನು ಕೂತಿದೀನಿ ಮೇಷ್ಟ್ರೆ. ಒಂದ್ ಗಂಟೆ ನಾನು ಹೇಳ್ದಂಗೆ ನೀವು ಕೂರಿ.”

ಮೇಷ್ಟ್ರು ಒಳಹೋಗಿ ಅಟ್ಟದಿಂದ ಹಳೆಯ ಹಾಳೆಗಳ ಕಟ್ಟು ಇಳಿಸಿದರು.

ಭಾನುವಾರ ಅಕ್ಕತಂಗಿಯರು ಬೆಳಿಗ್ಗೆಯೇ ಒಲೆ ಹಚ್ಚಿ ಒಂದು ಹಂಡೆ ಅನ್ನ, ಬೇಳೆ, ಸೊಪ್ಪು ಬೆರೆಸಿದ ಆಲೂಗಡ್ಡೆ ಮಾಡಿದರು. ಅದೇ ಹಲಗೆಕಟ್ಟೆಗೆ ಬಿಳಿ ಬಟ್ಟೆ ಹಾಸಿ ತಟ್ಟೆ ಇಟ್ಟರು. ಪರದೆಯನ್ನು ಕಲ್ಲಕ್ಕ ಅರ್ಧ ಎಳೆದು ಅರ್ಧ ಬಿಟ್ಟಳು. ಹನ್ನೊಂದು ಜನ ಬಂದು, ಕಟ್ಟೆಯ ಸುತ್ತ ಅವಳು ತೋರಿಸಿದಲ್ಲಿ ಮಾತಿಲ್ಲದೆ ಕೂತರು. ಸೌಟಿನ ಸದ್ದೊಂದೇ. ಕೊನೆಗೆ ಬಣ್ಣದಮ್ಮ ಮೇಷ್ಟ್ರ ಕಡೆ ನೋಡದೆಯೇ, “ಸ್ವಲ್ಪ ಉಪ್ಪು,” ಎಂದರು. ಹನ್ನೆರಡು ವರ್ಷದ ಮೇಲೆ ಮೊದಲ ಮಾತು!

“ಉಪ್ಪು ತಿಂದೋರು ನೀರು ಕುಡೀಲೇಬೇಕು,” ಎಂದಳು ತಂಗಿ. “ಮೇಷ್ಟ್ರೆ, ಜಗ್ಗೂ ದಾಟ್ಸಿ.”

ಯಾರೋ ಕಿಸಕ್ಕೆಂದರು. ಆ ನಗು ಪಂಕ್ತಿಯುದ್ದ ಹರಿಯಿತು.

“ನೀನೂ ಕೂತ್ಕೊ ಕಲ್ಲಕ್ಕ,” ಎಂದರು ಬಣ್ಣದಮ್ಮ. ಅವಳು ಕಟ್ಟೆಯ ಅಂಚಿಗೆ ಕೂತಳು. ಕೂತದ್ದೇ ತಡ, ಹನ್ನೊಂದು ಕೈಗಳು ತುತ್ತಿನ ಸಮೇತ ಗಾಳಿಯಲ್ಲಿ ನಿಂತವು, ಕಣ್ಣುಗಳು ಕಿರಿದಾಗಿ ಅಳೆಯತೊಡಗಿದವು. ಹುಟ್ಟುಗುಣ ಸುಟ್ಟರೂ ಹೋಗದು. ಅವಳೂ ಅಭ್ಯಾಸಬಲದಿಂದ ಕಲ್ಲಾಗಿದ್ದಳು. ಮೊದಲು ಎಚ್ಚೆತ್ತವಳು ಅವಳೇ.

“ಏನ್ ನೋಡ್ತೀರಿ? ತಿನ್ನಿ, ಆರೋಗುತ್ತೆ!”

ಉಂಡೆದ್ದ ಮೇಲೆ ಬಟ್ಟೆ ತೆಗೆದು ಕಟ್ಟೆಯನ್ನು ಒರೆಸಿ ಹಾಳೆ ಹರಡಿದರು. ಒಂದರಲ್ಲಿ ಪುಟ್ಟ ಪಾದ. ಒಂದರಲ್ಲಿ ತಾಯಿಯ ಬೆರಳು ಹಿಡಿದ ಮುಷ್ಟಿ. ಒಂದು ಕಿವಿ, ಕತ್ತಿನ ಮೇಲಿನ ಒಂದು ಸುರುಳಿ ಕೂದಲು, ಅಂಬೆಗಾಲಿಟ್ಟು ಹೋಗುತ್ತಿರುವ ಬೆನ್ನು. ಒಬ್ಬರಿಗೂ ಇಡೀ ಮಗು ಸಿಕ್ಕಿರಲಿಲ್ಲ. ಸಿಗುವಷ್ಟು ಹೊತ್ತು ಅದು ಒಂದೆಡೆ ಇದ್ದರೆ ತಾನೆ! ಕಲ್ಲಕ್ಕ ಹಾಳೆಯಿಂದ ಹಾಳೆಗೆ ಕಣ್ಣು ಹೊರಳಿಸಿದಳು. ಮುಖ ಎಲ್ಲೂ ಇರಲಿಲ್ಲ.

“ಆ ಪಾದ ಎಡದ್ದು, ಈ ಕಡೆ ಇಡಿ,” ಎಂದರು ಮೇಷ್ಟ್ರು.

“ಬಲದ್ದು ರೀ! ಹೆಬ್ಬೆರಳು ನೋಡಿ,” ಎಂದರು ಬಣ್ಣದಮ್ಮ.

ಇಬ್ಬರೂ ಮಂಡಿಯೂರಿ ಅವರ ಹಾಳೆಗೆ ಇವರ ಹಾಳೆ ಕೂಡಿಸುತ್ತ ಹೋದರು. ಬಣ್ಣದ ಭುಜಕ್ಕೆ ಇದ್ದಿಲಿನ ತೋಳು ಬಂತು. ನೋಡನೋಡುತ್ತ ಕಟ್ಟೆಯ ಮೇಲೆ ಒಂದು ಮಗು ಮೂಡಿತು. ಮುಖವಿರಬೇಕಾದ ಕಡೆ ಬರಿಯ ಹಲಗೆ.

ಮೇಷ್ಟ್ರು ಜೇಬಿನಿಂದ ಇದ್ದಿಲು ತೆಗೆದರು. “ಇಷ್ಟೆಲ್ಲ ಇದೆ. ಮುಖ ನಾನು ಕೂಡಿಸ್ತೀನಿ ಬಿಡು.”

ಕಲ್ಲಕ್ಕ ಅವರ ಮಣಿಕಟ್ಟು ಹಿಡಿದಳು. “ಬೇಡ. ಕಾಣದ್ದನ್ನ ಬರೀಬೇಡಿ ಅಂತ ನೀವೇ ಅಲ್ವಾ ದಿನಾ ಹೇಳ್ತಿದ್ದಿದ್ದು?”

ಆಗ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಅಂಗಡಿಗಳಿಗೆ ಬೋರ್ಡು ಬರೆಯುವವನು. ಕೂಸು ಕಟ್ಟೆಗೆ ಬರುತ್ತಿದ್ದ ವರ್ಷ ಅವನೂ ಇಲ್ಲಿ ಕಲಿಯುತ್ತಿದ್ದ, ಅರ್ಧಕ್ಕೇ ಬಿಟ್ಟ. ಊರಿನ ಬೀದಿಗಳ ಅಕ್ಷರಗಳೆಲ್ಲ ಅವನ ಕೈಯವು. ಆದರೂ ಎರಡು ಬಣದ ಲೆಕ್ಕದಲ್ಲೂ ಅವನು ಕಲಾವಿದನಲ್ಲ. ಆ ವಿಷಯದಲ್ಲಿ ಮಾತ್ರ ಅವರಲ್ಲಿ ಒಗ್ಗಟ್ಟಿತ್ತು. ಕಲ್ಲಕ್ಕ ಅವನನ್ನೂ ಕರೆದಿದ್ದಳು. ಅವನು ಒಳಗೆ ಬಂದಿರಲಿಲ್ಲ.

“ನಂದು ಹಾಳಾಗಿದೆ ಅಕ್ಕ,” ಎಂದ. “ಮುಖ ಬರ್ದಿದ್ದೆ. ಮುಗಿಯೋಷ್ಟರಲ್ಲಿ ಅವಳೇ ಬಂದು ಇದ್ದಿಲ ಪುಡೀಲಿ ಕೈ ಅದ್ದಿ ಪಟ್ ಅಂತ ಹೊಡೆದ್ಬಿಟ್ಳು. ಮೇಷ್ಟ್ರು ಎಸಿ ಅಂದ್ರು. ಮನಸ್ಸಾಗ್ಲಿಲ್ಲ.”

ಹಾಳೆ ಬಿಚ್ಚಿದ. ಮುಖ ಅಳಿಸಿ ಹೋಗಿತ್ತು, ಒಂದು ಹುಬ್ಬಿನ ತುದಿ ಬಿಟ್ಟರೆ. ಅದರ ಮೇಲೆ ಐದು ಬೆರಳು, ಒಂದು ಅಂಗೈ. ಅಂಗೈಯ ಗೆರೆಗಳೂ ಕೂದಲೆಳೆಯಷ್ಟು ಸ್ಪಷ್ಟ. ಇಪ್ಪತ್ತೆಂಟು ವರ್ಷದ ಹಿಂದಿನ ಏಟು, ಈಗಷ್ಟೇ ಹೊಡೆದು ಓಡಿದಂತೆ.

ಗೆರೆಯೆಳೆಯುವುದರಲ್ಲೇ ಕೂದಲು ಬೆಳ್ಳಗಾದವರು ಎಲ್ಲರೂ. ಅಂಥ ಒಂದು ಗುರುತು ಯಾರ ಕೈಯಿಂದಲೂ ಬಂದಿರಲಿಲ್ಲ.

“ನಾವೆಲ್ಲ ಬರ್ದಿದ್ದು ಅವಳನ್ನ,” ಎಂದರು ಬಣ್ಣದಮ್ಮ ಮೆಲ್ಲಗೆ. “ಇದು ಅವಳೇ ಬರ್ದಿದ್ದು.”

“ಎಸಿ ಅಂದಿದ್ದು ನಾನು,” ಎಂದರು ಮೇಷ್ಟ್ರು.

ಕಲ್ಲಕ್ಕ ಹಾಳೆಯನ್ನು ಖಾಲಿ ಜಾಗದಲ್ಲಿಟ್ಟಳು. ತನ್ನ ಅಂಗೈಯನ್ನು ಆ ಪುಟ್ಟ ಅಂಗೈಯ ಮೇಲೆ, ಎಲ್ಲಿ ಅಳಿಸಿಹೋದೀತೋ ಎಂದು ತಾಗಿಸದೆ, ಕೂದಲೆಳೆಯ ಅಂತರದಲ್ಲಿ ಹಿಡಿದಳು. ಮೂವತ್ತೊಂದು ವರ್ಷ ಆ ಕಟ್ಟೆಯ ಮೇಲೆ ಅಲುಗದ ಕೈ ಗಡಗಡ ನಡುಗಿತು. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ಅವಳು ತಲೆಯೆತ್ತಿ ಬೋರ್ಡಿನವನನ್ನು ನೋಡಿದಳು.

“ಊಟ ಮಾಡಿದ್ಯೇನಪ್ಪ?”

“ಇಲ್ಲ ಅಕ್ಕ.”

ಮೇಷ್ಟ್ರು ಎದ್ದರು, ತಾವೇ ತಟ್ಟೆ ತೊಳೆದು ತಂದರು. ಇಡಲು ಜಾಗವಿರಲಿಲ್ಲ. ಕಟ್ಟೆಯ ಮೇಲೆ ಮಗು ಇತ್ತು. ಹಾಗಾಗಿ ಅವನು ನೆಲಕ್ಕೆ ಕೂತ. ಅವನ ಜೊತೆಗೆ ಎಲ್ಲರೂ ಇನ್ನೊಂದು ತುತ್ತಿಗೆಂದು ನೆಲಕ್ಕೇ ಕೂತರು.