ಕೈಗೆ ನೆರಳು, ತಲೆಗೆ ಬಿಸಿಲು

ನನ್ನ ಮೊಮ್ಮಗಳು ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಒಂದು ಟ್ಯೂಬನ್ನು ಹಿಂಡಿ ಬೆಳ್ಳನೆಯದೇನನ್ನೋ ಮುಖಕ್ಕೆ ಬಳಿದುಕೊಳ್ಳುತ್ತಾಳೆ. ಅದರ ವಾಸನೆ ಅರ್ಧ ಕೊಬ್ಬರಿಯದು, ಅರ್ಧ ಆಸ್ಪತ್ರೆಯದು. ಬಳಿದ ಹೊಸದರಲ್ಲಿ ಹುಡುಗಿ ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಾಳೆ. ಆಮೇಲೆ ತಿಕ್ಕಿ ತಿಕ್ಕಿ ಮನುಷ್ಯಳಾಗುತ್ತಾಳೆ.

"ಏನದು?" ಎಂದೆ ಇವತ್ತು.

"ಬಿಸ್ಲು ತಡಿಯೋ ಕ್ರೀಮು, ಅಜ್ಜಿ."

"ಬಸ್ಸಿನಾಗ ಕುಂತು ಹೋಗಿ ಫ್ಯಾನಿನ ಕೆಳಗ ಕುಂದ್ರಾಕಿಗೆ ಬಿಸ್ಲು ಎಲ್ಲಿ ಸಿಗ್ತೈತಿ?"

"ಬಸ್ ಸ್ಟ್ಯಾಂಡಿನಾಗ ಸಿಗ್ತೈತಿ," ಎಂದವಳು ನನ್ನ ಮೂಗಿನ ಮೇಲೂ ಒಂದು ಚುಕ್ಕೆ ಇಟ್ಟು ಓಡಿಹೋದಳು. ಎಂಬತ್ತು ದಾಟಿದ ಮೂಗು. ಇನ್ನು ಇದನ್ನು ಕಾಪಾಡಿ ಯಾರಿಗೆ ತೋರಿಸಬೇಕು? ಆದರೂ ಒರೆಸಿಕೊಳ್ಳಲಿಲ್ಲ. ದುಡ್ಡು ಕೊಟ್ಟು ತಂದ ವಸ್ತು.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆಯುವಾಗ ಒತ್ತಕ್ಷರಗಳು ಎಲ್ಲೆಲ್ಲೋ ನೇತಾಡುತ್ತವೆ, ನೀವು ಸಹಿಸಿಕೊಳ್ಳಬೇಕು. ಆದರೆ ಬಿಸಿಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಹುಟ್ಟಿದ್ದು ತೆಲುಗು ಸೀಮೆಗೆ ಸೇರಿದ ದೇವನಕೊಂಡದ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಯುಗಾದಿ ಹತ್ತಿರ ಬಂತೆಂದರೆ ನಾಯಿಗಳು ಬೊಗಳುವುದನ್ನೂ ಸಂಜೆಗೆ ಮುಂದೂಡುತ್ತವೆ. ಕಲ್ಲುಬಂಡೆಯ ಮೇಲೆ ಮರೆತು ಕೂತರೆ, ಎದ್ದಾಗ ಸೀರೆಯಷ್ಟೇ ಮೇಲೆ ಬಂದಿದೆಯೋ ಚರ್ಮವೂ ಬಂದಿದೆಯೋ ಎಂದು ತಡವಿ ನೋಡಿಕೊಳ್ಳಬೇಕು.

ಆಗಿನ್ನೂ ಬಿಳಿಯರ ಕಾಲ. ಒಮ್ಮೆ ಒಬ್ಬ ದೊರೆ ನಮ್ಮ ಕೆರೆ ನೋಡಲು ಕುದುರೆ ಏರಿ ಬಂದಿದ್ದ. ತಲೆಯ ಮೇಲೆ ಬುಟ್ಟಿಯಷ್ಟು ಅಗಲದ ಟೋಪಿ. ಊರಿನವರೆಲ್ಲ ಕುದುರೆಯನ್ನು ನೋಡಿದರೆ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಟೋಪಿಯನ್ನೇ ನೋಡುತ್ತ ನಿಂತಿದ್ದಳು. "ಅವನ ತಲಿ ಒಳಗ ಏನೈತೋ ನನಗ ಗೊತ್ತಿಲ್ಲ. ತಲಿ ಮ್ಯಾಲಿಂದು ಮಾತ್ರ ಚೊಲೋ ಐತಿ" ಎಂದು ತೀರ್ಪು ಕೊಟ್ಟಳು. ಸರಕಾರದ ಬಗ್ಗೆ ಆಕೆ ಆಡಿದ ಒಳ್ಳೆಯ ಮಾತು ಅದೊಂದೇ.

ಅಜ್ಜಿ ಸ್ವತಃ ಹೊದೆಯುತ್ತಿದ್ದುದು ಕರಿ ಕಂಬಳಿ. ಬೇಸಿಗೆಯಲ್ಲಿ ಕಂಬಳಿಯೇ ಎಂದು ನೀವು ನಗಬಹುದು. ಕುರಿ ಕಾಯುವವರನ್ನು ಕೇಳಿ ನೋಡಿ. ಅದನ್ನು ಮಡಚಿ, ಒಂದು ತುದಿ ಗಂಟು ಹಾಕಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಒಳಗೆ ಬೆವರು, ಬೆವರಿಗೆ ಗಾಳಿ, ಗಾಳಿಗೆ ತಂಪು. ಹೊರಗಿನ ಬಿಸಿಲು ಹೊರಗೇ. "ಬಿಸ್ಲು ಕೆಟ್ಟ ನೆಂಟ ಇದ್ದಂಗ. ಮಾರಿ ತೋರ್ಸಿದಿ ಅಂದ್ರ ಕುಂತೇ ಬಿಡ್ತೈತಿ" ಎನ್ನುತ್ತಿದ್ದಳು. ನನಗೆ ಕಂಬಳಿ ಎಂದರೆ ನಾಚಿಕೆ. ಹದಿನೈದರ ಹುಡುಗಿಗೆ ಟಗರಿನಂತೆ ಕಾಣುವುದಕ್ಕಿಂತ ಸುಟ್ಟುಕೊಂಡು ಸಾಯುವುದು ಮೇಲೆನಿಸುತ್ತದೆ. ಬುದ್ಧಿ ಇಲ್ಲದಿರುವುದಕ್ಕೇ ಅಲ್ಲವೇ ಅದನ್ನು ಹದಿನೈದು ಎನ್ನುವುದು.

ಆ ನಾಚಿಕೆಯ ಫಲ ಬೇಗ ಸಿಕ್ಕಿತು. ಮದ್ದಿಕೇರ ಕಡೆಯಿಂದ ನನ್ನನ್ನು ನೋಡಲು ಬಂದ ಹೆಂಗಸು ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಸಂತೆಯಲ್ಲಿ ಬದನೆಕಾಯಿ ತಿರುಗಿಸಿದ ಹಾಗೆ. "ಹುಡುಗಿ ಒಂದು ಮಗ್ಗಲು ಹೊತ್ತಿದ ರೊಟ್ಟಿ ಆಗ್ಯಾಳ" ಎಂದಳು. ಅಂದ ಮೇಲೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ತಿಂದು ಹೋದಳು. ಸಂಬಂಧ ಹೋದದ್ದಕ್ಕಿಂತ ಆ ಎರಡು ಹೋಳಿಗೆಯ ಸಂಕಟ ನಮ್ಮ ಅವ್ವನಿಗೆ ಹೆಚ್ಚಾಗಿತ್ತು.

ಹಾಗಾಗಿ ಆದೋನಿಯಿಂದ ಮಾತು ಬಂದಾಗ ಅವ್ವ ಎಚ್ಚರಾದಳು. ಹುಡುಗನ ತಂದೆ ಹತ್ತಿ ಸಾವುಕಾರ. ಅಂಥ ಮನೆ ಒಲಿದು ಬಂದದ್ದೇ ಹೆಚ್ಚು. ಇವರೂ ಬೇಡವೆಂದರೆ "ಎರಡು ಸಲ ಬಿಟ್ಟ ಹುಡುಗಿ" ಎಂಬ ಹೆಸರು ಅಂಟುತ್ತದೆ, ಮೂರನೆಯವರು ಹೊಸಲು ತುಳಿಯುವುದಿಲ್ಲ. "ಪಡಸಾಲಿ ದಾಟಿದ್ರ ಕಾಲು ಮುರೀತೀನಿ" ಎಂದು ನನ್ನನ್ನು ಒಳಕೋಣೆಗೆ ಹಾಕಿದಳು. ಹಾಲಿನ ಕೆನೆ, ಕಡಲೆಹಿಟ್ಟು, ಅರಿಸಿನ ಕಲಸಿ ಹೊತ್ತಿಗೊಂದು ಸಲ ಬಳಿಯುತ್ತಿದ್ದಳು. ಎಣ್ಣೆ ಕಾಯಲೆಂದು ಹಿಟ್ಟಿನಲ್ಲಿ ಅದ್ದಿಟ್ಟ ಬಜ್ಜಿಯಂತೆ ನಾನು ಬಿದ್ದಿರುತ್ತಿದ್ದೆ. ನೊಣಗಳಿಗೆ ಮಾತ್ರ ಹಬ್ಬ.

ಹನ್ನೊಂದು ದಿನ ಸಹಿಸಿದೆ. ಹನ್ನೆರಡನೆಯ ದಿನ ಓಣಿಯ ಹುಡುಗಿಯರು ಕೊನೆಯ ಹತ್ತಿ ಬಿಡಿಸಲು ನಗುತ್ತ ಹೋಗುವುದು ಕೇಳಿಸಿತು. ಹಿತ್ತಲ ಗೋಡೆ ಹಾರಿದೆ. ಹಾರುವಾಗ ಅಜ್ಜಿಗೆ ಸಿಕ್ಕಿಬಿದ್ದೆ. ಆಕೆ ಕೂಗಲಿಲ್ಲ, ಕಂಬಳಿ ಎಸೆದಳು, ಅಷ್ಟೇ. ನಾನು ಅದನ್ನು ಹೊಲದ ಬದುವಿನ ಮೇಲೆ ಇಟ್ಟು, ಸಂಜೆಯವರೆಗೂ ಬರಿದಲೆಯಲ್ಲಿ ಹಾಡಿಕೊಂಡು ಹತ್ತಿ ಬಿಡಿಸಿದೆ. ರಾತ್ರಿಗೆ ಮೂಗು, ಕೆನ್ನೆ ಕೆಂಡವಾದವು. ಮಾರನೆಯ ದಿನ ಮೂಗಿನ ಸಿಪ್ಪೆ ಈರುಳ್ಳಿಯಂತೆ ಏಳತೊಡಗಿತು. ಆದೋನಿಯವರು ಬರಲು ಮೂರು ದಿನ.

ಅವ್ವ ಪೊರಕೆ ಹುಡುಕಿದಳು. ಸಿಗಲಿಲ್ಲ. ಸಿಗದ್ದಕ್ಕೆ ತಾನೇ ಕೂತು ಅತ್ತಳು. ಅತ್ತು ಎದ್ದು ನಿಂಬೆಹಣ್ಣು ಹಿಂಡಿ ಅರಿಸಿನ ಕಲಸಿ ನನ್ನ ಮೂಗಿಗೆ ಮೆತ್ತಿದಳು. ಆಗ ನಾನು ಕೂಗಿದ ಕೂಗಿಗೆ ಎಮ್ಮೆ ಹಗ್ಗ ಹರಿದುಕೊಂಡಿತು.

"ಮಗಳಿಗೆ ಉಪ್ಪಿನಕಾಯಿ ಹಾಕ್ತೀ ಏನ? ಸರಿ ಆಕಡೆ," ಎಂದು ಅಜ್ಜಿ ಅವ್ವನನ್ನು ತಳ್ಳಿದಳು. ನನ್ನ ಮುಖ ತೊಳೆಸಿ, ಹಳೆಯ ಧೋತರದ ಚೂರನ್ನು ತಣ್ಣನೆಯ ಮಜ್ಜಿಗೆಯಲ್ಲಿ ಅದ್ದಿ ಮೇಲೆ ಹಾಸಿದಳು. ಒಣಗಿದರೆ ಮತ್ತೆ ಅದ್ದುವುದು. ಉಜ್ಜುವ ಹಾಗಿಲ್ಲ, ಸಿಪ್ಪೆ ಕೀಳುವ ಹಾಗಿಲ್ಲ, ಗುಳ್ಳೆ ಎದ್ದ ಕಡೆ ಮುಟ್ಟುವ ಹಾಗೇ ಇಲ್ಲ. ಗುಳ್ಳೆಯಿಲ್ಲದ ಕಡೆಗೆ ಸೋಸಿದ ಹುತ್ತದ ಮಣ್ಣು, ಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆದದ್ದು, ರೊಟ್ಟಿಯಷ್ಟು ದಪ್ಪ. ಕುಡಿಯಲು ಅಂಬಲಿ, ಸಾಕೆಂದರೂ ಮತ್ತೊಂದು ಚೊಂಬು. ಉರಿ ಇಳಿಯಿತು. ಬಣ್ಣ ಇಳಿಯಲಿಲ್ಲ. ಮೂರು ದಿನದಲ್ಲಿ ಅಷ್ಟೇ ಆಗುವುದು.

ಆದೋನಿಯವರು ಬೆಳಗಿನ ತಂಪಿನಲ್ಲಿ ಬರಬೇಕಿತ್ತು. ಬರಲಿಲ್ಲ. ಹೊತ್ತು ನೆತ್ತಿಗೆ ಬಂತು, ಉಪ್ಪಿಟ್ಟು ಗಟ್ಟಿಯಾಯಿತು. ಅವ್ವ "ಯಾರೋ ಹೋಗಿ ಚಾಡಿ ಹೇಳ್ಯಾರ" ಎಂದು ಓಣಿಯ ಮನೆಗಳನ್ನು ಒಂದೊಂದಾಗಿ ಶಪಿಸುತ್ತಿದ್ದಾಗ ಗಾಡಿಯ ಸದ್ದು ಕೇಳಿಸಿತು. ಗಾಡಿ ಹೊಡೆಯುವವ ತೆಲುಗಿನವ. "ಅಮ್ಮಾ, ಮಜ್ಜಿಗ ತೇಂಡಿ! ಮಾ ಸಾವುಕಾರಿ ತಲ ಕಾಲಿಪೋಯಿಂದಿ!" ಎಂದು ದೂರದಿಂದಲೇ ಬೊಬ್ಬೆ ಹಾಕುತ್ತಿದ್ದ. ಸಾವುಕಾರರ ತಲೆ ಸುಟ್ಟುಹೋಯಿತೆಂದು ಕೇಳಿ ಅಪ್ಪ ನೀರಿನ ಕೊಡ ಎತ್ತಿಕೊಂಡು ಬೀದಿಗೆ ಓಡಿದ.

ತಲೆಗೆ ಬೆಂಕಿ ಬಿದ್ದಿರಲಿಲ್ಲ. ಆದರೂ ಅವನು ಹೇಳಿದ್ದು ಸುಳ್ಳಲ್ಲ. ಮಗನ ಮದುವೆ ಕೂಡಿಬರಲಿ ಎಂದು ಸಾವುಕಾರ ಹಿಂದಿನ ವಾರವಷ್ಟೇ ಮನೆದೇವರಿಗೆ ಮುಡಿ ಕೊಟ್ಟಿದ್ದ. ಬೋಳುತಲೆಗೆ ರುಮಾಲು ಸುತ್ತಿ ಹೊರಟಿದ್ದವನ ಕಣ್ಣಿಗೆ ದಾರಿಯಲ್ಲಿ ಒಂದು ಹೊಲದಲ್ಲಿ ಹತ್ತಿಯ ರಾಶಿ ಬಿತ್ತು. ಹತ್ತಿ ಕಂಡ ಮೇಲೆ ಹೆಣ್ಣು ನೋಡುವ ನೆನಪು ಯಾವ ವ್ಯಾಪಾರಿಗೆ ಉಳಿಯುತ್ತದೆ? ಇಳಿದ. ನಮ್ಮ ಕಡೆ ಹತ್ತಿಯ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವ, ಮಾರುವವ ಇಬ್ಬರೂ ಕೈ ಹಿಡಿದುಕೊಂಡು ಮೇಲೊಂದು ಬಟ್ಟೆ ಮುಚ್ಚಿ, ಒಳಗೆ ಬೆರಳು ಒತ್ತಿ ದರ ಆಡುತ್ತಿದ್ದರು, ಪಕ್ಕದವನಿಗೆ ಗೊತ್ತಾಗಬಾರದೆಂದು. ಸಾವುಕಾರ ತಲೆಯ ರುಮಾಲು ಬಿಚ್ಚಿ ಕೈಗೆ ಮುಚ್ಚಿದ. ರೈತನೂ ಗಟ್ಟಿ. ಬೆರಳುಗಳ ಜಗಳ ಎರಡು ತಾಸು ನಡೆಯಿತು. ಎರಡು ತಾಸೂ ಹೊಸ ಬೋಳುತಲೆ ಬಯಲಿಗೆ.

ಗಾಡಿಯ ನೆರಳಲ್ಲಿ ಕೂತಿದ್ದ ಮಗ "ಅಪ್ಪಾ, ತಲೀಗೆ ಏನಾರ ಹಾಕ್ಕೋರಿ" ಎಂದನಂತೆ. ಅಪ್ಪ ಕಣ್ಣಲ್ಲೇ ಗದರಿಸಿದನಂತೆ. ದರ ಆಡುವಾಗ ಬಿಸಿಲಿಗೆ ಅಳುಕಿದವ ಸೋತ ಹಾಗೆ. ಎದುರಿನವ ಕೂಡಲೇ ಬಿಗಿಯಾಗುತ್ತಾನೆ. ಕೈಗೆ ನೆರಳು, ತಲೆಗೆ ಬಿಸಿಲು. ಇಷ್ಟೆಲ್ಲ ಆಗಿ ವ್ಯಾಪಾರವೂ ಕುದುರಲಿಲ್ಲ.

ಕುಂಬಾರನ ಆವಿಗೆಯಿಂದ ಆಗ ತಾನೇ ತೆಗೆದ ಗಡಿಗೆಯಂಥ ತಲೆ ಹೊತ್ತು ಆತ ಬಂದ. ರುಮಾಲು ಸೋಕಿದರೆ ಸಾಕು, ಅಷ್ಟು ದೊಡ್ಡ ಮನುಷ್ಯ "ಸ್ಸ್" ಎನ್ನುತ್ತಿದ್ದ. ಅಜ್ಜಿ ಕೇಳಲೂ ಇಲ್ಲ, ಪಡಸಾಲೆಯಲ್ಲಿ ಚಾಪೆ ಹಾಕಿಸಿ ಮಲಗಿಸಿದಳು. ಕಣ್ಣಿನ ಮೇಲೆ ಹಸಿ ಬಟ್ಟೆ ಹಾಕಿದಳು. ಆಮೇಲೆ ಒಳಗೆ ಬಂದು ನನಗೆ, "ಏಳು, ಮಣ್ಣು ನೆನಸಿದ ಗಡಿಗಿ ತಗಂಡು ಬಾ. ನನ್ನ ಕೈ ನಡಗ್ತಾವ" ಎಂದಳು.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಅತ್ತೀ, ಆಕಿ ಮಾರಿ ನೋಡ್ರಿ! ಈ ಮಾರಿ ಹೊತ್ಕೊಂಡು ಹೆಂಗ ಹೊರಗ ಬರಬೇಕು?"

"ಹುಡುಗ ಹೊರಗ ಗಾಡಿ ಹತ್ರ ಅದಾನ, ಆತನ ಕಣ್ಣ ಮ್ಯಾಲೆ ಅರಿವಿ ಐತಿ. ಈಗ ಎಮ್ಮಿ ಬಂದು ನಿಂತ್ರೂ ಕಾಣಂಗಿಲ್ಲ."

ಹೀಗೆ ಎಮ್ಮೆಯ ಬದಲಿಗೆ ನಾನು ಹೋಗಿ ನಿಂತೆ. ಮೂರು ದಿನದಿಂದ ನನ್ನ ಮುಖದ ಮೇಲೆ ನಡೆದ ವಿದ್ಯೆಯನ್ನೇ ಆ ತಲೆಯ ಮೇಲೆ ನಡೆಸಿದೆ. ಒತ್ತದೆ, ಉಜ್ಜದೆ, ಬೆರಳ ತುದಿಯಲ್ಲಿ ಮಣ್ಣು ಇಡುತ್ತ ಹೋದೆ. ಎಲ್ಲಿ ಹೆಚ್ಚು ಉರಿಯುತ್ತದೆ, ಎಲ್ಲಿ ಕಮ್ಮಿ ಎನ್ನುವುದು ನನ್ನ ಮೂಗಿಗೆ ಗೊತ್ತಿತ್ತು.

ಸಾವುಕಾರ ದೊಡ್ಡದಾಗಿ ಉಸಿರು ಬಿಟ್ಟ. "ಯಾರ ಕೈಯವ್ವಾ ಇದು?"

ಅಜ್ಜಿಗೆ ಸುಳ್ಳು ಹೇಳಲು ಸೋಮಾರಿತನ. "ನೀವು ನೋಡಾಕ ಬಂದ ಹುಡುಗೀದು."

ಅವ್ವ ಗೋಡೆ ಹಿಡಿದುಕೊಂಡಳು. ಸಾವುಕಾರ ಕಣ್ಣಿನ ಬಟ್ಟೆಯ ಕಡೆ ಕೈ ಎತ್ತಿದ. "ಕಣ್ಣು ತೆಗೀಲೇನು?"

"ತೆಗದ್ರ ಮಣ್ಣು ಬೀಳ್ತೈತಿ."

"ಹಂಗಾದ್ರ ಆಕೀನ ಹೇಳ್ಲಿ. ಹುಡುಗಿ, ನನ್ನ ತಲಿ ಈಗ ಹೆಂಗ ಕಾಣ್ತೈತಿ?"

ಎಲ್ಲರೂ ನನ್ನ ಕಡೆ ನೋಡಿದರು. ಮದುವೆಗೆ ಬಂದ ಹುಡುಗಿ ಇಂಥಲ್ಲಿ ಏನು ಹೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಕಂಡದ್ದು ಹೇಳಿದೆ. "ಹುತ್ತ ಕಂಡಂಗ ಕಾಣ್ತೈತ್ರಿ. ಹಾವೊಂದು ಕಮ್ಮಿ ಐತಿ."

ಅಷ್ಟರಲ್ಲಿ ಬಾಗಿಲ ಹತ್ತಿರ ಬಂದು ನಿಂತಿದ್ದ ಸಾವುಕಾರನ ಮಗ ಕೆಮ್ಮಿದ. ಸಾವುಕಾರನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಬಂತು. ನಕ್ಕ ರಭಸಕ್ಕೆ ಹಣೆಯ ಮಣ್ಣು ಬಿರುಕು ಬಿಟ್ಟಿತು. ನಾನು ಅಭ್ಯಾಸ ಬಲದಿಂದ "ಅಲ್ಲಾಡಬ್ಯಾಡ್ರಿ" ಎಂದು ಗದರಿದೆ. ಆತ ನಿಜವಾಗಿಯೂ ಸುಮ್ಮನಾದ.

"ನೋಡ್ರಿ," ಎಂದ ಮಲಗಿದ್ದಲ್ಲಿಂದಲೇ, ಅಪ್ಪನಿಗೆ. "ನಾವು ಅರಿವಿ ಕೆಳಗ ಕೈ ಮುಟ್ಟಿ ಮಾತು ಮುಗಿಸೋ ಮಂದಿ. ನಂದು ಮುಗೀತು. ಮಗನ್ನ ಕೇಳ್ಕೊಳ್ರಿ."

ಮಗ ಮತ್ತೊಮ್ಮೆ ಕೆಮ್ಮಿದ. ಅದನ್ನೇ ಒಪ್ಪಿಗೆ ಎಂದುಕೊಂಡರು. ಸಂಜೆ ಮಣ್ಣು ತೊಳೆದು ಕಣ್ಣು ಬಿಟ್ಟಾಗ ಸಾವುಕಾರ ನನ್ನ ಮೂಗು ನೋಡಿದ, ನಾನು ಅವನ ನೆತ್ತಿ ನೋಡಿದೆ. "ಎರಡೂ ಒಂದ ಆವಿಗ್ಯಾಗ ಸುಟ್ಟ ಗಡಿಗಿ," ಎಂದು ಗಟ್ಟಿ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದ. ಈ ಸಲ ಅವ್ವನಿಗೆ ಸಂಕಟವಾಗಲಿಲ್ಲ.

ಮದುವೆಯಾಗಿ ಆದೋನಿಗೆ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಮಾವನ ಹೆಗಲಿಗೆ ಇನ್ನೊಂದು ಬಟ್ಟೆ ಹಾಕಿ ಕಳಿಸಿದ್ದು, ಕೈಗೊಂದು, ತಲೆಗೊಂದು. ಪೇಟೆಯಲ್ಲಿ "ಎರಡು ರುಮಾಲಿನ ಸಾವುಕಾರ" ಎಂದು ಆಡಿಕೊಂಡರು. ಮುಂದಿನ ಬೇಸಿಗೆಗೆ ಆಡಿಕೊಂಡವರ ಹೆಗಲ ಮೇಲೂ ಎರಡೆರಡು ಕಂಡವು.

ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಬಾಣಂತಿ ಕೋಣೆಗಳಲ್ಲಿ, ಸತ್ತವರ ಮನೆಯಲ್ಲೂ ಹೇಳಿ ನಗಿಸಿದ್ದೇನೆ. ಎಲ್ಲ ಕಡೆ ಇಲ್ಲಿಗೇ ನಿಲ್ಲಿಸುತ್ತೇನೆ. ಇವತ್ತು ಬರೆಯಲು ಕೂತದ್ದರಿಂದ ಕೈ ನಿಲ್ಲುತ್ತಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮಾವ ತೀರಿಹೋದ ಮೇಲೆ, ಎರಡನೇ ಮಗನಿಗೆ ಹೆಣ್ಣು ನೋಡಲು ಮಾಧವರಂ ಕಡೆ ಹೋದೆವು. ಹುಡುಗಿ ಹೊಲದಿಂದ ನೇರ ಬಂದು ಕೈಕಾಲು ತೊಳೆದು ನೀರು ಕೊಟ್ಟಳು. ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತ್ತು. ನಾನು ಏನು ಮಾಡಿದೆ ಗೊತ್ತೇ? ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ಹೊರಗೆ ಬಂದು "ಹುಡುಗಿ ಬಿಸ್ಲಿಗೆ ಬೆಂದಾಳ, ಬ್ಯಾಡ" ಎಂದೆ.

ಬಸ್ಸಿನಲ್ಲಿ ನನ್ನ ಗಂಡ "ಅಪ್ಪ ಇದ್ದಿದ್ರ..." ಎಂದರು.

"ಇದ್ದಿದ್ರ ಏನು?"

"ಕಣ್ಣಿಗೆ ಹಸಿ ಅರಿವಿ ಕಟ್ಕೊಂಡು ಬರ್ತಿದ್ದ."

ಆದರೂ ನಾನು ಬೇಡವೆಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗನಿಗೆ ಬೇರೆ ಕಡೆ ಹೆಣ್ಣು ತಂದೆವು. ಸಂಸಾರ ಚೆನ್ನಾಗಿಯೇ ಇದೆ, ಅದರಲ್ಲಿ ದೂರಲು ಏನೂ ಇಲ್ಲ.

ಮಧ್ಯಾಹ್ನ ಮೊಮ್ಮಗಳು ಬಂದು ಒತ್ತಕ್ಷರ ತಿದ್ದಿಕೊಡುತ್ತೇನೆಂದು ಇಷ್ಟನ್ನೂ ಓದಿದಳು. ಹುತ್ತದ ಹತ್ತಿರ ಬಿದ್ದು ಬಿದ್ದು ನಕ್ಕಳು. ಕೊನೆಗೆ ಬಂದಾಗ ನಗು ನಿಂತಿತು. ಬಯ್ಯುತ್ತಾಳೇನೋ ಎಂದುಕೊಂಡೆ. ಬಯ್ದಿದ್ದರೆ ತಿರುಗಿ ಬಯ್ಯುತ್ತಿದ್ದೆ, ಅದು ನನಗೆ ಬರುತ್ತದೆ.

"ಅಜ್ಜಿ, ಮಾಧವರಂ ಹುಡುಗಿ ಹೆಸರು ಬರ್ದೇ ಇಲ್ಲಲ್ಲ. ಏನು ಆಕಿ ಹೆಸರು?"

ತಿದ್ದಲು ತಂದ ಪೆನ್ನು ಹಿಡಿದು ಕಾಯುತ್ತ ಕೂತಿದ್ದಾಳೆ. ನನಗೆ ಆ ಮೂಗು ನೆನಪಿದೆ, ಸಿಪ್ಪೆ ಎಲ್ಲಿ ಎದ್ದಿತ್ತೆಂದೂ ನೆನಪಿದೆ. ಹೆಸರನ್ನು ನಾನು ಕೇಳಿರಲೇ ಇಲ್ಲ.