ಎಣ್ಣೆ ಕುಡಿಯುವ ಹುಡುಗಿ

ನಮ್ಮ ಮನೆಯ ಪೋರ್ಟಿಕೋದಲ್ಲಿ ರೊಟ್ಟಿಯಗಲದ ಒಂದು ಕಪ್ಪು ಕಲೆಯಿದೆ. ಸೋಪಿನ ಪುಡಿ, ಸೀಮೆಎಣ್ಣೆ, ಒಣಗಿದ ನಿಂಬೆಸಿಪ್ಪೆ, ಯಾರು ಏನು ಹೇಳಿದರೂ ತಂದು ಉಜ್ಜಿದ್ದೇನೆ. ಕಲೆ ಹೋಗಿಲ್ಲ, ನನ್ನ ಸೊಂಟ ಹೋಗಿದೆ. ಇವತ್ತು ಬೆಳಿಗ್ಗೆ ನೀರು ಹೊಯ್ದಾಗ ಎಂಜಿನ್ ಎಣ್ಣೆಯ ವಾಸನೆ ಸಣ್ಣಗೆ ಎದ್ದಿತು. ಕಾರು ಮಾರಿ ಎರಡು ವರ್ಷವಾಯಿತು. ಪೊರಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನಿಲ್ಲುವುದಕ್ಕೊಂದು ನೆಪ ಸಿಕ್ಕರೆ ಈ ವಯಸ್ಸಿನಲ್ಲಿ ಯಾರು ಬಿಡುತ್ತಾರೆ ಹೇಳಿ.

ಬಸವೇಶ್ವರನಗರದ ಈ ಬಾಡಿಗೆ ಮನೆಗೆ ಬಂದ ವರ್ಷವೇ ಆ ಕಾರನ್ನು ಕೊಂಡದ್ದು. ಬೂದು ಬಣ್ಣದ, ತಗ್ಗು ಮೈಯ ಕಾರು. ಮಗಳು ಒಂದನೇ ಕ್ಲಾಸಿನಿಂದ ಕೆಲಸಕ್ಕೆ ಸೇರುವವರೆಗೆ ಅದರ ಹಿಂದಿನ ಸೀಟಿನಲ್ಲೇ ಬೆಳೆದಳು ಅನ್ನಬೇಕು; ಸೀಟಿನ ಸಂದಿಯಲ್ಲಿ ಕಡ್ಲೆಪುರಿ, ಹೇರ್‌ಪಿನ್ನು, ಒಮ್ಮೆ ಯಾವುದೋ ಮದುವೆಯ ಒಣಗಿದ ವೀಳ್ಯದೆಲೆ ಸಿಕ್ಕಿತ್ತು. ಅತ್ತೆಯ ಊರು ದಾವಣಗೆರೆಗೆ ಹೋಗಿ ಬಂದದ್ದಕ್ಕಂತೂ ಲೆಕ್ಕವಿಲ್ಲ. ಮೀಟರು ಎರಡು ಲಕ್ಷ ಕಿಲೋಮೀಟರ್ ದಾಟಿದ ದಿನ ನಮ್ಮವರು ಮಾಗಡಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, "ನೋಡು, ನೋಡು" ಎಂದು ತೋರಿಸಿದರು. ಹಿಂದಿನ ಬಸ್ಸಿನವನು ಹಾರನ್ ಹೊಡೆದ ಹೊಡೆತಕ್ಕೆ ನಾನು ಅಂಕಿಯನ್ನೇ ನೋಡಲಿಲ್ಲ. ನಾನೂ ಒಮ್ಮೆ ಡ್ರೈವಿಂಗ್ ಕಲಿಯಲು ಹೊರಟವಳೇ. ಮಹಡಿಯ ಮೇಲಿರುವ ಓನರ್ ಆಂಟಿ ಅಂಗಳದಲ್ಲಿಟ್ಟ ತುಳಸಿಕಟ್ಟೆಗೆ ಅಂದಿನಿಂದ ಮೂರೇ ಮೂಲೆ. ಆಮೇಲೆ ಹಿಂದೆ ಕೂತು ಕಾರಿನ ಸದ್ದು ಕೇಳುವುದನ್ನಷ್ಟೇ ಕಲಿತೆ.

ಮುಂದಿನ ಎಡಗಡೆ ಸೀಟು ಅತ್ತೆಯದು. ಅವರ ಬಲಮೊಣಕಾಲು ಮಡಚುವುದಿಲ್ಲ. ಬಾಗಿಲು ಪೂರ್ತಿ ತೆಗೆದರೆ ಸೀಟಿಗೆ ಬೆನ್ನು ಮಾಡಿ ಮೊದಲು ಕೂರುತ್ತಿದ್ದರು, ಆಮೇಲೆ ಎರಡೂ ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದರು. ಸೀಟು ತಗ್ಗಾಗಿದ್ದರಿಂದ ಅದು ಸಾಧ್ಯವಾಗುತ್ತಿತ್ತು. ಆಟೋ ಹತ್ತುವಾಗ ಮೊಣಕಾಲು ಮಡಚಲೇಬೇಕು. ಈಗಿನ ಕಾರುಗಳಿಗೋ ಏಣಿ ಬೇಕು. ವಾರಕ್ಕೊಮ್ಮೆ, ಸೋಮವಾರ ಈಶ್ವರನ ಗುಡಿಗೆ ಹೋಗಿ, ಕಟ್ಟೆಯ ಮೇಲೆ ಕೂತು ತಮ್ಮ ಕಡೆಯ ನಾಲ್ಕು ಜನರೊಂದಿಗೆ ಮಾತಾಡಿ ಬರುವುದು. ಅವರಿಗೆ ಹೊರಗಿನ ಲೋಕವೆಂದರೆ ಅಷ್ಟೇ.

"ಕ್ಲಚ್ ಹೋಗಿದೆ, ಸಸ್ಪೆನ್ಶನ್ ಹೋಗಿದೆ, ಎಂಜಿನ್ ಎಣ್ಣೆ ಕುಡೀತಿದೆ ಸಾರ್. ಮಾಡಿಸೋ ಬದಲು ಕೊಟ್ಬಿಡಿ," ಎಂದ ಮೆಕ್ಯಾನಿಕ್. ಇನ್ನೊಂದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಈ ದಟ್ಟಣೆಯಲ್ಲಿ ಓಡಿಸುವ ಕಣ್ಣೂ ನಮ್ಮವರಿಗೆ ಉಳಿದಿರಲಿಲ್ಲ.

ಅತ್ತೆಯದೊಂದು ನಿಯಮವಿತ್ತು. ಮಾರುವ ಮಾತನ್ನು ಗಾಡಿಯ ಮುಂದೆ ಆಡಬಾರದು. "ಅದಕ್ಕೂ ಕೇಳುಸ್ತತಿ. ಬ್ಯಾಸರ ಮಾಡ್ಕಂಡು ನಿಂತುಬಿಡ್ತತಿ ನೋಡು." ಹಿಂದೆ ಹಳೇ ಸ್ಕೂಟರ್ ಮಾರುವಾಗ ಕೊಳ್ಳುವವನ ಎದುರೇ ಅದು ಎಷ್ಟು ಒದ್ದರೂ ಸ್ಟಾರ್ಟ್ ಆಗದೆ ನಿಂತದ್ದು ಅವರಿಗೆ ಸಿಕ್ಕ ಪುರಾವೆ. ನಮ್ಮ ಅಡುಗೆಮನೆಯ ಕಿಟಕಿ ತೆರೆಯುವುದೇ ಪೋರ್ಟಿಕೋಗೆ; ಕಾರಿಗೆ ಕೇಳಿಸದ ಜಾಗ ಮನೆಯಲ್ಲಿರಲಿಲ್ಲ. ಹಾಗಾಗಿ ಮಗಳು ಒಂದು ಗುಟ್ಟಿನ ಭಾಷೆ ಮಾಡಿದಳು. ಕಾರು ಎಂದರೆ ಹುಡುಗಿ. ಕೊಳ್ಳುವವರು ಗಂಡಿನ ಕಡೆಯವರು. ನಮಗೆಲ್ಲ ಅದು ಅನುಕೂಲವೇ ಆಯಿತು. ನಿಜ ಹೇಳುತ್ತೇನೆ, ನಾವು ಮುಚ್ಚಿಟ್ಟದ್ದು ಕಾರಿನಿಂದಲ್ಲ, ಅತ್ತೆಯಿಂದ. ಕಾರು ಹೋದರೆ ಅವರ ಸೋಮವಾರಗಳೂ ಹೋಗುತ್ತವೆ ಎಂಬುದು ಮೂವರಿಗೂ ಗೊತ್ತಿತ್ತು. ಅದನ್ನು ಅವರೆದುರು ಹೇಳುವವರು ಯಾರು?

ಒಂದು ದಿನ ನಲ್ಲಿಯ ಹತ್ತಿರ ನಿಂತು ನಮ್ಮವರಿಗೆ ಫೋನಿನಲ್ಲಿ ಹೇಳುತ್ತಿದ್ದೆ. "ಶನಿವಾರ ಹುಡುಗಿ ನೋಡೋಕೆ ಬರ್ತಾರಂತೆ. ಬೆಳಿಗ್ಗೆ ಬೆಳಿಗ್ಗೆ ಹೊಗೆ ಬಿಡ್ತಾಳೆ ಅಂತ ಮೊದಲೇ ಹೇಳ್ಬಿಡಿ. ಎಣ್ಣೆ ಕುಡಿಯೋದನ್ನಂತೂ ಮುಚ್ಚಿಡಬೇಡಿ, ಆಮೇಲೆ ನಮ್ಮ ಮೇಲೆ ಬರತ್ತೆ."

ಸಂಜೆ ಓನರ್ ಆಂಟಿ ಒಂದು ಬಟ್ಟಲು ಪಾಯಸ ಹಿಡಿದು ಇಳಿದು ಬಂದರು. ನನ್ನ ಕೈ ಹಿಡಿದುಕೊಂಡರು.

"ಮನಸ್ಸಿಗೆ ಹಚ್ಕೋಬೇಡ ಕಣಮ್ಮ. ನಮ್ಮ ಮೈದುನನೂ ಹಂಗೇ ಇದ್ದ. ಒಬ್ರು ಡಾಕ್ಟ್ರು ಇದಾರೆ, ಮೂರೇ ತಿಂಗಳಲ್ಲಿ ಬಿಡಿಸಿದ್ರು."

"ಏನನ್ನ ಆಂಟಿ?"

"ನಿನ್ ಮಗಳು ಎಣ್ಣೆ ಹಾಕೋದನ್ನ. ನಾನ್ ಯಾರಿಗೂ ಹೇಳಿಲ್ಲ."

ಯಾರಿಗೂ ಹೇಳಿಲ್ಲ ಎಂದರೆ ಎರಡು ಬೀದಿಗೆ ಗೊತ್ತಾಗಿದೆ ಎಂದರ್ಥ. ಅದು ಕಾರು ಆಂಟಿ, ಮಾರ್ತಾ ಇದೀವಿ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಬಾಗಿಲಲ್ಲೇ ಅತ್ತೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ತಗ್ಗಿಸಿ ಡಾಕ್ಟರ ವಿಳಾಸ ಬರೆದುಕೊಂಡೆ. ಮಗಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ, ಮೂರನೇ ದಿನ ನೆನೆಸಿಕೊಂಡು ನಕ್ಕಳು.

ಗಂಡಿನ ಕಡೆಯವರು ಬಂದರು, ಹೋದರು. ಒಬ್ಬರು ಕ್ಲಚ್ ಒತ್ತಿ ನೋಡಿ ಇಳಿದೇಬಿಟ್ಟರು. ಇನ್ನೊಬ್ಬರು ಎರಡು ಲೋಟ ಕಾಫಿ ಕುಡಿದು, ಕಾರನ್ನು ಹೇಗೆ ಇಟ್ಟುಕೊಳ್ಳಬೇಕಿತ್ತು ಎಂದು ಪಾಠ ಹೇಳಿದರು. ಪ್ರತಿ ಸಲವೂ ಅತ್ತೆ ಕೇಳುತ್ತಿದ್ದರು, "ಯಾರವ್ವ ಬಂದಿದ್ದು?" ನಾನು ಪ್ರತಿ ಸಲವೂ "ಇವರ ಆಫೀಸಿನವರು," ಎನ್ನುತ್ತಿದ್ದೆ. ಸುಳ್ಳು ಹೇಳುವುದು ಇಷ್ಟು ಆಯಾಸದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಬಂದವರು ಕೆಂಗೇರಿಯ ಒಬ್ಬ ಅಡುಗೆ ಕಂಟ್ರಾಕ್ಟರ್. ಕಾರಿಗೆ ಒಂದು ಸುತ್ತು ಬಂದು, "ಏನೇನ್ ಕೆಲಸ ಇದೆ, ನಿಜ ಹೇಳ್ಬಿಡಿ ಸಾರ್," ಎಂದರು. ನಮ್ಮವರು ಬಾಗಿಲ ಕಡೆ ನೋಡಿದರು. ಅತ್ತೆ ಅಲ್ಲೇ ನಿಂತಿದ್ದರು.

"ಅಂಥದ್ದೇನಿಲ್ಲ. ಹುಡುಗಿಗೆ ಸ್ವಲ್ಪ ವಯಸ್ಸಾಗಿದೆ, ಅಷ್ಟೇ."

"ಯಾವ ಹುಡುಗಿ ಸಾರ್?"

ಅತ್ತೆ ಕೋಲೂರಿಕೊಂಡು ಇಳಿದು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. "ಕ್ಲಚ್ ಹೋಗೇತಿ. ಗುಂಡಿ ಬಂದ್ರೆ ಬೆನ್ನು ಮುರಿತತಿ. ಎಣ್ಣಿ ಕುಡಿತತಿ. ಮುಂದಿನ ಎಡಗಡೆ ಸೀಟಿಗೆ ಮಾತ್ರ ಏನೂ ಆಗಿಲ್ಲಪ್ಪ."

"ಆ ಸೀಟು ಹೆಂಗೂ ಕಿತ್ತಾಕ್ತೀನಿ ಅಜ್ಜಿ. ಅನ್ನ-ಸಾರಿನ ಕೊಳದಪ್ಪಲೆ ಇಡೋಕೆ ಜಾಗ ಬೇಕು."

ನಾನೂ ನಮ್ಮವರೂ ನೆಲ ನೋಡಿದೆವು. ಅತ್ತೆ ಬಾನೆಟ್ಟನ್ನು ಎರಡು ಸಲ ತಟ್ಟಿ, "ಚಲೋ ಆತು ಬಿಡು. ಅಡಿಗಿ ಹೊರೋ ಗಾಡಿ ಉಪಾಸ ಇರಲ್ಲ," ಎಂದರು. ದುಡ್ಡು ಕೈ ಬದಲಾದ ಮೇಲೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ಹೊಗೆ ಬಿಡುತ್ತಾ ತಿರುವಿನಲ್ಲಿ ಮರೆಯಾಯಿತು.

ಅತ್ತೆಗೆ ಕಾಫಿ ಕೊಡುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಗಾಡಿ ಮುಂದೇನೇ ಎಲ್ಲಾ ಹೇಳ್ಬಿಟ್ರಲ್ಲ ಅತ್ತೆ."

"ಗಾಡಿಗೆ ಕೇಳುಸ್ತತಿ ಅಂತ ನಾನು ಅಂದೆ," ಎಂದರು ಅವರು ಕಾಫಿಯನ್ನು ಆರಿಸುತ್ತಾ. "ನನಗೆ ಕೇಳ್ಸಲ್ಲ ಅಂತ ನೀವು ಅನ್ಕಂಡ್ರಿ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅತ್ತೆ ಗುಡಿಗೆ ಹೋದದ್ದು ನಾಲ್ಕೋ ಐದೋ ಸಲ. ಇಬ್ಬರು ಹಿಡಿದೆತ್ತಿ ಆಟೋಗೆ ಹತ್ತಿಸಬೇಕು. ಆ ಎತ್ತಾಟ ಬೀದಿಯವರ ಮುಂದೆ ನಡೆಯುವುದು ಅವರಿಗೆ ಬೇಡ. ಮೊದಮೊದಲು ನಾನು, "ಆಗತ್ತೆ ಬನ್ನಿ, ಏನ್ ಮಹಾ," ಎನ್ನುತ್ತಿದ್ದೆ. ಇಲ್ಲವೆ ಗುಡಿಯಲ್ಲಿ ಇವತ್ತು ತುಂಬ ಜನ ಎಂದು ಏನಾದರೊಂದು ನೆಪ ಹೊಸೆಯುತ್ತಿದ್ದೆ.

ಇವತ್ತೂ ಸೋಮವಾರ. ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಮೆಟ್ಟಿಲ ಮೇಲಿನ ಕುರ್ಚಿಯಲ್ಲಿ ಕೂತಿದ್ದರು. ಪೊರಕೆಯನ್ನು ಮೂಲೆಗಿಟ್ಟು ನೇರವಾಗಿ ಕೇಳಿದೆ.

"ಅತ್ತೆ, ಇವತ್ತು ಆಟೋ ಹತ್ತೋಕೆ ಆಗತ್ತಾ?"

ಅವರು ಮೊಣಕಾಲನ್ನು ಅಂಗೈಯಿಂದ ಒತ್ತಿ ನೋಡಿಕೊಂಡರು. "ಇಲ್ಲವ್ವ. ಆಗಲ್ಲ."

ಮುಂದಿನ ವಾರ ಹೋಗೋಣ ಎಂದು ನಾನು ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತೆ. ಅತ್ತೆ ಕೋಲನ್ನು ಆಚೆ ಸರಿಸಿ ನನಗೆ ಜಾಗ ಮಾಡಿದರು.