ಅಣ್ಣ ಕೂಡಿಸಿದ ವಿಮಾನದ ಬ್ರೇಕರ್

ಹೋದ ವಾರ ನಮ್ಮ ಮನೆಯ ಮಿಕ್ಸರ್‌ನಿಂದ ಸುಟ್ಟ ವಾಸನೆ ಬಂತು. ಶೇಂಗಾ ಚಟ್ನಿ ಅರ್ಧಕ್ಕೇ ನಿಂತಿತು. ಗೋಡೆಯ ಮೇಲಿನ ಬ್ರೇಕರ್ ಟಪ್ಪೆಂದು ಬಿತ್ತು. ಎತ್ತಿದೆ, ಮತ್ತೆ ಬಿತ್ತು. ವೈರಮನ್ ಬಂದು ನೋಡಿ, "ಈ ಬ್ರೇಕರ್ ಭಾಳ ನಾಜೂಕ ಐತ್ರಿ. ಇದನ್ನ ಬಿಟ್ಟು ಡೈರೆಕ್ಟ್ ಕೊಟ್ಟಬಿಡ್ಲೇನ್ರಿ?" ಎಂದ. ನೀವಾಗಿದ್ದರೆ ಹೂಂ ಅನ್ನುತ್ತಿದ್ದಿರಿ, ಇಲ್ಲವೆ ಬೇಡ ಅನ್ನುತ್ತಿದ್ದಿರಿ. ನಾನು ಎರಡೂ ಅನ್ನಲಾರದೆ ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಬಿಪಿ ಏರಿತೆಂದು ಹೆಂಡತಿ ನೀರು ತಂದಳು. ಬಿಪಿಯಲ್ಲ, 'ಡೈರೆಕ್ಟ್' ಎಂಬ ಆ ಒಂದು ಮಾತು.

ನನ್ನ ಅಣ್ಣ ಮಲ್ಲಪ್ಪ ವಾಯುಸೇನೆಯಲ್ಲಿ ಹದಿನೈದು ವರ್ಷ ವಿಮಾನಗಳ ಕರೆಂಟಿನ ಕೆಲಸ ಮಾಡಿ, ಪಿಂಚಣಿ ತೆಗೆದುಕೊಂಡು ಬನಹಟ್ಟಿಗೆ ಮರಳಿದ್ದ. ಆಕಾಶದಲ್ಲಿ ಎಷ್ಟು ಹಾರಿದಿ ಎಂದು ಓಣಿಯವರು ಕೇಳಿದರೆ, "ಹಾರಿದ್ದ ಕಡಿಮಿ, ವಿಮಾನದ ಹೊಟ್ಟ್ಯಾಗ ಅಂಗಾತ ಮಲಗಿದ್ದ ಹೆಚ್ಚ" ಎಂದು ನಗುತ್ತಿದ್ದ. ನಾನಾಗ ನಾಲ್ಕು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದೆ. ನಾಲ್ಕೇ ಮಗ್ಗವಾದರೂ ನನ್ನ ನಡಿಗೆ ಮಾತ್ರ ಗಿರಣಿಯ ಮಾಲಕನದು.

ನಮ್ಮ ಶೆಡ್ಡಿನ ಮೇನ್ ಸ್ವಿಚ್ ಬಾಗಿಲ ಬಳಿ ಇತ್ತು. ಕೊನೆಯ ಮಗ್ಗದಲ್ಲಿ ಯಾರದಾದರೂ ಸೆರಗು ಮೋಟಾರು ತಿರುಗಿಸುವ ಪಟ್ಟಾಕ್ಕೆ ಸಿಕ್ಕರೆ ಅಲ್ಲಿಂದ ಓಡಿ ಬಂದು ಅದನ್ನು ಎಳೆಯಬೇಕು. ಅಣ್ಣ ಒಂದು ದಿನ ನಿಂತು ನೋಡಿ ಹೇಳಿದ: "ದೊಡ್ಡ ವಿಮಾನದಾಗ ದಪ್ಪ ವೈರ್ ಪೈಲಟ್‌ನ ತನಕಾ ತರೂದಿಲ್ಲೋ ತಮ್ಮಾ. ಭಾರ ಆಗತೈತಿ, ಬೆಂಕಿ ಭಯಾನೂ ಇರತೈತಿ. ಬ್ರೇಕರ್ ಎಲ್ಲೋ ದೂರ ಇರತೈತಿ, ಅವನ ಕೈಯಾಗ ಸಣ್ಣದೊಂದು ಗುಂಡಿ, ಎಳಿಯಂಥಾ ವೈರ್. ಇಲ್ಲಿ ಒತ್ತಿದ್ರ ಅಲ್ಲಿ ಕರೆಂಟ್ ಕಡೀತೈತಿ."

ಹುಬ್ಬಳ್ಳಿಯ ಗುಜರಿಯಿಂದ ಸಾಮಾನು ತಂದು ಅಂಥದೇ ಒಂದನ್ನು ನಮ್ಮ ಶೆಡ್ಡಿಗೆ ಕೂಡಿಸಿದ. ದೊಡ್ಡ ಡಬ್ಬಿ ಬಾಗಿಲ ಬಳಿ, ಒಂದೊಂದು ಮಗ್ಗದ ಪಕ್ಕಕ್ಕೆ ಒಂದೊಂದು ಗುಂಡಿ; ಯಾವುದನ್ನು ಒತ್ತಿದರೂ ಇಡೀ ಶೆಡ್ಡಿನ ಕರೆಂಟ್ ಕಡಿಯುತ್ತಿತ್ತು. ತೇವ ಹಿಡಿದು ಕರೆಂಟ್ ಸೋರಿದರೆ ಡಬ್ಬಿ ತಾನಾಗಿಯೇ ಬೀಳುತ್ತಿತ್ತು. "ಒಮ್ಮಿ ಬಿದ್ರ ಒಮ್ಮಿ ಎತ್ತು. ಎರಡನೇ ಸಲ ಬಿದ್ರ ಎತ್ತಬ್ಯಾಡ, ಯಾಕ ಬಿತ್ತು ಹುಡುಕು" ಎಂದು ಹೇಳಿಕೊಟ್ಟ. ಓಣಿಯ ಏಳು ಶೆಡ್ಡಿನವರು ಕರೆದೊಯ್ದು ತಮ್ಮಲ್ಲೂ ಮಾಡಿಸಿಕೊಂಡರು. ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಗೋಡೆ ಜಿನುಗಿ ಡಬ್ಬಿ ದಿನಕ್ಕೆ ಐದಾರು ಸಲ ಬೀಳತೊಡಗಿತು. ಅಣ್ಣ ಹೆಂಡತಿಯ ತವರಿಗೆಂದು ಮುಧೋಳಕ್ಕೆ ಹೋಗಿದ್ದ. ಶನಿವಾರದೊಳಗೆ ಸೀರೆ ಮುಟ್ಟಿಸುತ್ತೇನೆಂದು ಮಹಾಲಿಂಗಪುರದ ವ್ಯಾಪಾರಿಗೆ ನಾನು ಮಾತು ಕೊಟ್ಟಿದ್ದೆ. ಮೂರು ಫೇಸಿಗೆ ಮೂರು ತುಂಡು ತಂತಿ ತೆಗೆದುಕೊಂಡು ಬ್ರೇಕರ್‌ನ ಆಚೆಯಿಂದ ಈಚೆಗೆ ಜೋಡಿಸಿ ಡೈರೆಕ್ಟ್ ಮಾಡಿದೆ. ಅಣ್ಣನಿಂದ ಕಲಿತ ಕೈ, ಸ್ಕ್ರೂಗಳನ್ನು ಅವನಂತೆಯೇ ಅಚ್ಚುಕಟ್ಟಾಗಿ ಬಿಗಿದು ಮುಚ್ಚಳ ಹಾಕಿದೆ. ಇನ್ನು ಗುಂಡಿ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮಗ್ಗ ನಿಲ್ಲಿಸಲು ಅದರದೇ ಸ್ವಿಚ್ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

ಅಣ್ಣ ಗುರುವಾರ ಬಂದ. ಹೇಳಬೇಕೆಂದುಕೊಂಡೆ. ಎರಡು ಮಕ್ಕಳ ತಂದೆ, ಮೀಸೆ ಹೊತ್ತವನು, ಅಣ್ಣನಿಂದ ಬೈಸಿಕೊಳ್ಳಬೇಕಲ್ಲ ಎಂದು ಹಿಂಜರಿದು ಒಂದು ದಿನ ಮುಂದೆ ಹಾಕಿದೆ.

ಶುಕ್ರವಾರ ಮಧ್ಯಾಹ್ನ ಕರೆಂಟ್ ಹೋಯಿತು. "ಡಬ್ಬಿ ಭಾಳ ಬೀಳತಿತ್ತಂತಲ್ಲ, ಎಲ್ಲಿ ತೇವ ಹಿಡದೈತಿ ನೋಡತೇನಿ, ನೀ ಚಾ ಕುಡದ ಬಾ" ಎಂದು ಅಣ್ಣ ಮೂರನೇ ಮಗ್ಗದ ಗುಂಡಿ ಒತ್ತಿ, ಅದರ ಸ್ವಿಚ್ಚಿನ ಮುಚ್ಚಳ ಬಿಚ್ಚತೊಡಗಿದ. ಅವನು ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಆಗಲಾದರೂ ಬಾಯಿ ತೆರೆಯಬಹುದಿತ್ತು. ಹೋದ ಕರೆಂಟ್ ಒಂದು ತಾಸು ಬರುವುದಿಲ್ಲ, ಬಂದು ಹೇಳಿದರಾಯಿತು ಎಂದು ನಡೆದೆ. ಬಶಿಗೆ ಚಹಾ ಸುರಿದುಕೊಂಡಿದ್ದೆ, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು.

ನಾನು ಓಡಿ ಹೋಗುವಷ್ಟರಲ್ಲಿ ಅಕ್ಕಪಕ್ಕದವರು ಅವನನ್ನು ಬಡಿಗೆಯಿಂದ ಬಿಡಿಸಿ, ಜೀಪಿಗೆ ಹೊತ್ತೊಯ್ಯುತ್ತಿದ್ದರು. ಬಲಗೈ ನೋಡುವಂತಿರಲಿಲ್ಲ. ಆಗ ನಾನು ಏನು ಮಾಡಿದೆನೆಂದು ಹೇಳಲೇ? ಅಣ್ಣನ ಹಿಂದೆ ಹೋಗಲಿಲ್ಲ. ಶೆಡ್ಡು ಬರಿದಾಗುವ ತನಕ ಕಾದು, ಮೇನ್ ಸ್ವಿಚ್ ಎಳೆದು, ಡಬ್ಬಿ ತೆರೆದು ಮೂರೂ ತಂತಿ ಕಿತ್ತು ಕಿಸೆಗೆ ಹಾಕಿಕೊಂಡೆ. ಆಮೇಲೆ ಇನ್ನೊಂದು ಜೀಪು ಹಿಡಿದು ಹಿಂದೆ ಹೋದೆ.

ಮಿರಜಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈ ತನಕ ತೆಗೆದರು. ಮೂರನೇ ದಿನ ಅಣ್ಣ ಕಣ್ಣು ತೆರೆದು ಮೊದಲು ಕೇಳಿದ್ದು ಕೈಯ ಬಗ್ಗೆ ಅಲ್ಲ. "ನಾ ಗುಂಡಿ ಒತ್ತಿದ್ನಲ್ಲೋ ತಮ್ಮಾ? ನೀ ನೋಡಿದಿ, ಹೌದಿಲ್ಲೋ?"

"ನಾ ನೋಡ್ಲಿಲ್ಲಣ್ಣಾ" ಎಂದೆ.

ಊರಿಗೆ ಬಂದಮೇಲೆ ಅಣ್ಣ ಏಳೂ ಶೆಡ್ಡಿಗೆ ಹೋಗಿ, ಎಡಗೈಯಿಂದಲೇ ಒಂದೊಂದಾಗಿ ಎಲ್ಲ ಡಬ್ಬಿ ಬಿಚ್ಚಿಹಾಕಿದ. "ನನ್ನ ಕೆಲಸಾ ನಂಬಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿದ. ನಮ್ಮ ಶೆಡ್ಡಿನದನ್ನು ಮಾತ್ರ ಮನೆಗೆ ಒಯ್ದು, ವರ್ಷಗಟ್ಟಲೆ ಬಿಚ್ಚುವುದು, ಜೋಡಿಸುವುದು. "ಎಲ್ಲಿ ತಪ್ಪೈತಿ ತಿಳೀವಲ್ದು" ಎನ್ನುತ್ತಿದ್ದ. ನಾನು ಎದುರಿಗೆ ಕುಳಿತು ಸ್ಕ್ರೂ ಹಿಡಿದುಕೊಡುತ್ತಿದ್ದೆ. ಹಾಗೇ ಒಂದು ದಿನ ತೀರಿಕೊಂಡ.

ವೈರಮನ್ ಬಂದುಹೋದ ಮರುದಿನ ಜಮಖಂಡಿಗೆ ಹೋದೆ. ಅಣ್ಣನ ಮಗಳು ಶೋಭಾ ಅಲ್ಲಿ ಶಾಲೆಯ ಟೀಚರ್. ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಅಂದಳು: "ಕೈ ಹೋಗಿದ್ದಕ್ಕ ಅಪ್ಪಾ ಎಂದೂ ಅಳಲಿಲ್ಲ ಕಾಕಾ. ಆ ಡಬ್ಬಿ ಮುಂದ ಕುಂತು ಅಳತಿದ್ರು. ನನಗ ಹೇಳಿ ಏನ ಉಪಯೋಗ? ಓಣ್ಯಾಗ ಹೇಳ್ರಿ. ಅಪ್ಪನ ಕೆಲಸಾ ಕೆಟ್ಟಿರ್ಲಿಲ್ಲಂತ ಹೇಳ್ರಿ."

ಇಂದು ಮುಂಜಾನೆ ಹೊರಟೆ. ಏಳರಲ್ಲಿ ನಾಲ್ಕು ಶೆಡ್ಡು ಈಗ ಇಲ್ಲ. ಎರಡರಲ್ಲಿ ಅಣ್ಣನ ಹೆಸರು ಕೇಳಿದವರಿಲ್ಲ. ಉಳಿದವನು ಮುದುಕ ಚನ್ನಪ್ಪ, ನನ್ನ ಓರಗೆಯವನು. "ಆ ವಿಮಾನದ ಡಬ್ಬಿ ಕೆಟ್ಟು ಕೈ ಹೋತಲ್ಲ, ಆ ಮಲ್ಲಪ್ಪನಾ?" ಎಂದ.

"ಡಬ್ಬಿ ಕೆಟ್ಟಿರಲಿಲ್ಲೋ. ನಾ ಡೈರೆಕ್ಟ್ ಮಾಡಿದ್ದೆ. ಅವಂಗ ಹೇಳಲಿಲ್ಲ."

ಚನ್ನಪ್ಪ ನನ್ನ ಭುಜದ ಮೇಲೆ ಕೈಯಿಟ್ಟು, "ಇರಲಿ ಬಿಡೋ, ಈಗ್ಯಾಕ ಅದೆಲ್ಲಾ?" ಎಂದು ಒಳಗೆ ಚಹಾ ಹೇಳಿದ.

ಈ ಮಾತು ಬೇಕಾಗಿದ್ದುದು ಅಣ್ಣನಿಗೆ. ಈಗ ಯಾರಿಗೂ ಬೇಕಾಗಿಲ್ಲ.